ಎಷ್ಟು ಪಂಪ್ ಹೊಡೆಯಬೇಕು? ಹತ್ತರಿಂದ ಐದಕ್ಕೆ ಇಳಿದ ನನ್ನ ಅನುಭವ

ಮಲ್ಟಿ ಪಂಪ್ ಏರ್ ರೈಫಲ್, ಅಂದರೆ ಕೈಯಿಂದ ಹಲವು ಸಲ ಗಾಳಿ ಒತ್ತಿ ತುಂಬಿ ಹೊಡೆಯುವ ಬಂದೂಕು, ಕೈಗೆ ಬಂದ ಮೊದಲ ವಾರ ನಾನು ಪ್ರತಿ ಪೆಲೆಟ್‌ಗೂ (ಸಣ್ಣ ಸೀಸದ ಗುಂಡು) ಹತ್ತು ಪಂಪ್ ಹೊಡೆಯುತ್ತಿದ್ದೆ. ಕೈಪಿಡಿಯಲ್ಲಿ ಕನಿಷ್ಠ 3, ಗರಿಷ್ಠ 10 ಅಂತ ಇತ್ತು. ಹತ್ತರವರೆಗೆ ಅವಕಾಶ ಇರುವಾಗ ಐದಕ್ಕೆ ಯಾಕೆ ನಿಲ್ಲಿಸಬೇಕು ಅನ್ನುವುದು ಆಗಿನ ನನ್ನ ಯೋಚನೆ. ಇಪ್ಪತ್ತು ಪೆಲೆಟ್ ಮುಗಿಯುವ ಹೊತ್ತಿಗೆ ಇನ್ನೂರು ಪಂಪ್ ಆಗಿರುತ್ತಿತ್ತು. ಗುರಿಹಾಳೆ ತೆಗೆದು ನೋಡಿದರೆ ಮೊದಲ ಐದು ತೂತು ಒಂದು ನಾಣ್ಯದ ಅಡಿ ಮುಚ್ಚಿಹೋಗುವಷ್ಟು ಹತ್ತಿರ. ಕೊನೆಯ ಐದು ಅಂಗೈಯಗಲ ಚದುರಿದ್ದವು. ಬಂದೂಕು ಅದೇ, ಪೆಲೆಟ್ ಅದೇ, ದೂರವೂ ಅದೇ 10 ಮೀಟರ್. ಬದಲಾಗಿದ್ದು ನನ್ನ ತೋಳು ಮಾತ್ರ. ಹತ್ತನೇ ಪಂಪ್ ಒತ್ತಿ ಮುಗಿಸಿದ ಕೈಯಲ್ಲೇ ಬಂದೂಕು ಎತ್ತಿ ಹಿಡಿದರೆ ಅದು ನಡುಗದೆ ಇರುತ್ತಾ?

ಈ ಬಂದೂಕಿನ ಒಳಗೆ ಏನಾಗುತ್ತದೆ ಅಂತ ತಿಳಿದುಕೊಂಡ ಮೇಲೆ ನನ್ನ ಲೆಕ್ಕ ಬದಲಾಯಿತು. ನಳಿಗೆಯ ಕೆಳಗಿನ ಹಿಡಿಯನ್ನು ಬಿಡಿಸಿ ಮಡಚಿದಾಗ ಪಿಸ್ಟನ್ ಒಂದಿಷ್ಟು ಗಾಳಿಯನ್ನು ವಾಲ್ವಿನ ಹಿಂದಿನ ಸಣ್ಣ ಕೋಣೆಗೆ ತಳ್ಳುತ್ತದೆ. ಪ್ರತಿ ಪಂಪ್‌ಗೂ ಅಲ್ಲಿ ಒತ್ತಡ ಏರುತ್ತದೆ. ಕುದುರೆ (ಟ್ರಿಗರ್) ಎಳೆದರೆ ಒಳಗಿನ ಸುತ್ತಿಗೆ ವಾಲ್ವಿಗೆ ಬಡಿಯುತ್ತದೆ, ವಾಲ್ವ್ ತೆರೆದು ಆ ಗಾಳಿ ಪೆಲೆಟ್ಟನ್ನು ದೂಡುತ್ತದೆ. ಸ್ಪ್ರಿಂಗ್ ಬಂದೂಕಿನಲ್ಲಿ ಶಕ್ತಿ ಎಷ್ಟಿರಬೇಕು ಅಂತ ಮೊದಲೇ ನಿಗದಿಯಾಗಿರುತ್ತದೆ. ಇಲ್ಲಿ ಪ್ರತಿ ಸಲವೂ ಅದನ್ನು ನಾವೇ ನಿರ್ಧರಿಸಬೇಕು. ನನಗೆ ಈ ಬಂದೂಕು ಇಷ್ಟವಾಗಿದ್ದೇ ಅದಕ್ಕೆ.

ಗೆಳೆಯರೊಬ್ಬರ ಹತ್ತಿರ ವೇಗ ಅಳೆಯುವ ಕ್ರೋನೋಗ್ರಾಫ್ ಇತ್ತು. ಒಂದು ದಿನಕ್ಕೆ ಕೇಳಿ ತಂದೆ. 4.5 ಮಿಲಿಮೀಟರ್ ಪೆಲೆಟ್, ತೂಕ 0.51 ಗ್ರಾಂ. ಒಂದೊಂದು ಎಣಿಕೆಗೆ ಐದೈದು ಸಲ ಹೊಡೆದು ಸರಾಸರಿ ಬರೆದುಕೊಂಡೆ. ಮೂರು ಪಂಪ್‌ಗೆ ಸೆಕೆಂಡಿಗೆ ಸುಮಾರು 115 ಮೀಟರ್ ಬಂತು. ಐದಕ್ಕೆ 145. ಏಳಕ್ಕೆ 164. ಹತ್ತಕ್ಕೆ 182. ಈ ಅಂಕಿಗಳು ನನ್ನ ಬಂದೂಕಿನವು, ನಿಮ್ಮದರಲ್ಲಿ ಬೇರೆ ಬರುತ್ತವೆ. ಆದರೆ ಏರಿಕೆಯ ರೀತಿ ಹೆಚ್ಚುಕಮ್ಮಿ ಹೀಗೇ ಇರುತ್ತದೆ. ಮೂರರಿಂದ ಐದಕ್ಕೆ ಹೋಗುವ ಎರಡು ಪಂಪ್‌ಗೆ 30 ಮೀಟರ್ ವೇಗ ಸಿಕ್ಕಿತು. ಕೊನೆಯ ಮೂರು ಪಂಪ್, ಅದೂ ಎಲ್ಲಕ್ಕಿಂತ ಬಿಗಿಯಾದ ಮೂರು, ಸೇರಿ ಕೊಟ್ಟಿದ್ದು ಬರೀ 18.

ಹೀಗಾಗಲು ಒಂದೇ ಕಾರಣ ಇಲ್ಲ. ಪಿಸ್ಟನ್ ತುದಿಗೂ ವಾಲ್ವಿಗೂ ಮಧ್ಯೆ ಸಣ್ಣದೊಂದು ಸಂದು ಉಳಿದೇ ಉಳಿಯುತ್ತದೆ. ಕೋಣೆಯ ಒತ್ತಡ ಏರಿದಂತೆ, ಒಳಗೆ ಹೋಗಲಾರದೆ ಆ ಸಂದಿನಲ್ಲೇ ಉಳಿಯುವ ಗಾಳಿಯೂ ಜಾಸ್ತಿ. ಜೊತೆಗೆ ಒಳಗಿನ ಒತ್ತಡವೇ ವಾಲ್ವನ್ನು ಮುಚ್ಚಿ ಹಿಡಿಯುತ್ತದೆ, ಹಾಗಾಗಿ ಸುತ್ತಿಗೆಯ ಏಟಿಗೆ ಅದು ತೆರೆದಿರುವ ಹೊತ್ತು ಕಡಿಮೆಯಾಗುತ್ತದೆ. ಇನ್ನೊಂದು, ಶಕ್ತಿ ಏರುವುದು ವೇಗದ ವರ್ಗದ ಲೆಕ್ಕದಲ್ಲಿ. ಅಂದರೆ ವೇಗ ದುಪ್ಪಟ್ಟಾಗಬೇಕಾದರೆ ಶಕ್ತಿ ನಾಲ್ಕು ಪಟ್ಟು ಬೇಕು. ನನ್ನ ಅಂಕಿಗಳನ್ನೇ ತೆಗೆದುಕೊಂಡರೆ ಮೂರು ಪಂಪ್‌ಗೆ ಸುಮಾರು 3.4 ಜೂಲ್, ಐದಕ್ಕೆ 5.4, ಹತ್ತಕ್ಕೆ 8.4.

ಈಗ ಕೇಳಿಕೊಳ್ಳಬೇಕಾದ ಪ್ರಶ್ನೆ, ನನಗೆ ಎಷ್ಟು ಬೇಕು? ನಾನು ಹೊಡೆಯುವುದು ಹಾಳೆಗೆ ಮತ್ತು ಖಾಲಿ ಡಬ್ಬಿಗೆ, ಅಷ್ಟೇ. ಹಾಳೆಗೆ ದುಂಡು ತೂತು ಬಿದ್ದರೆ ಸಾಕು. ಅಂತರರಾಷ್ಟ್ರೀಯ 10 ಮೀಟರ್ ಏರ್ ರೈಫಲ್ ಸ್ಪರ್ಧೆಯ ಬಂದೂಕುಗಳ ವೇಗವೇ ಸುಮಾರು 170 ಮೀಟರ್ ಆಸುಪಾಸು ಇರುತ್ತದೆ. ಅಲ್ಲಿ ಹತ್ತು ಅಂಕದ ಗುರುತು 0.5 ಮಿಲಿಮೀಟರ್ ಚುಕ್ಕಿ. ಆ ಚುಕ್ಕಿಗೆ ಹೊಡೆಯುವವರಿಗೇ ಅಷ್ಟು ವೇಗ ಸಾಕಾದರೆ ನಾನು 182ರ ಹಿಂದೆ ಬಿದ್ದು ತೋಳು ನೋಯಿಸಿಕೊಳ್ಳುವುದರಲ್ಲಿ ಅರ್ಥ ಇರಲಿಲ್ಲ.

ಹಾಗಾಗಿ 10 ಮೀಟರ್‌ಗೆ ಐದು ಅಂತ ಗಟ್ಟಿ ಮಾಡಿದೆ. ನಾಲ್ಕನ್ನೂ ನೋಡಿದೆ, ಆರನ್ನೂ ನೋಡಿದೆ. ನಾಲ್ಕರಲ್ಲಿ ತೂತುಗಳ ಗುಂಪು ಸ್ವಲ್ಪ ಸಡಿಲವಾಯಿತು. ಆರರಲ್ಲಿ ಏನೂ ಬಿಗಿಯಾಗಲಿಲ್ಲ, ಸುಮ್ನೆ ಒಂದು ಪಂಪ್ ಜಾಸ್ತಿ. 25 ಮೀಟರ್‌ಗೆ ಏಳು. ಅಲ್ಲಿ ಗಾಳಿ ಬೀಸಿದರೆ ನಿಧಾನದ ಪೆಲೆಟ್ ಪಕ್ಕಕ್ಕೆ ಸರಿಯುವುದು ಕಣ್ಣಿಗೇ ಕಾಣುತ್ತದೆ, ಅದಕ್ಕೆ ಎರಡು ಹೆಚ್ಚಿಗೆ. ಹತ್ತು ಪಂಪ್ ಹೊಡೆದು ಈಗ ತಿಂಗಳುಗಳೇ ಆಗಿವೆ.

ಎಣಿಕೆ ಯಾವುದೇ ಇರಲಿ, ಅದು ಪ್ರತಿ ಸಲ ಒಂದೇ ಆಗಿರಬೇಕು. ಎಣಿಕೆ ಒಂದೇ ಇರುವುದು, ಎಣಿಕೆ ಎಷ್ಟು ಅನ್ನುವುದಕ್ಕಿಂತ ದೊಡ್ಡದು. ಲೆಕ್ಕ ನೋಡಿ. ನನ್ನ ಬಂದೂಕಿನಲ್ಲಿ ಐದು ಪಂಪ್‌ನ ಪೆಲೆಟ್ 10 ಮೀಟರ್ ಸಾಗುವಷ್ಟರಲ್ಲಿ ಸುಮಾರು 23 ಮಿಲಿಮೀಟರ್ ಕೆಳಗಿಳಿಯುತ್ತದೆ. ಆರು ಹೊಡೆದರೆ ಸುಮಾರು 20. ವ್ಯತ್ಯಾಸ 3 ಮಿಲಿಮೀಟರ್. ಸ್ಪರ್ಧೆಯ ಹಾಳೆಯಲ್ಲಿ ಒಂದು ಅಂಕದ ಗೆರೆಗೂ ಇನ್ನೊಂದಕ್ಕೂ ಇರುವ ಅಂತರ 2.5 ಮಿಲಿಮೀಟರ್. ಅಂದರೆ ಒಂದು ಪಂಪ್ ಎಣಿಕೆ ತಪ್ಪಿದರೆ ಒಂದು ಅಂಕ ಹೋಯಿತು. ಉಸಿರು ಹಿಡಿದು, ಕುದುರೆಯನ್ನು ಎಷ್ಟೇ ಮೆತ್ತಗೆ ಎಳೆದರೂ ಆ ಅಂಕ ವಾಪಸ್ ಬರುವುದಿಲ್ಲ. 25 ಮೀಟರ್‌ಗೆ ಹೋದರೆ ಇದೇ ಒಂದು ಪಂಪ್‌ನ ತಪ್ಪು ಎರಡು ಸೆಂಟಿಮೀಟರ್ ಹತ್ತಿರ ಬರುತ್ತದೆ.

ಇದಕ್ಕಾಗಿ ನಾನು ಗಟ್ಟಿಯಾಗಿ ಎಣಿಸುತ್ತೇನೆ. ಪಕ್ಕದಲ್ಲಿ ಯಾರಾದರೂ ಮಾತಾಡಿಸಿದರೆ ಉತ್ತರ ಕೊಡುವುದು ಪಂಪ್ ಮುಗಿದ ಮೇಲೇ. ಒಮ್ಮೆ ಹರಟೆಯ ಮಧ್ಯೆ ನಾಲ್ಕಾಯಿತೋ ಐದಾಯಿತೋ ಗೊತ್ತಾಗದೆ "ಇರಲಿ, ಇನ್ನೊಂದು" ಅಂತ ಒತ್ತಿಬಿಟ್ಟೆ. ಅವತ್ತಿನ ಒಳ್ಳೆಯ ಗುಂಪಿನ ಮೇಲ್ಗಡೆ ಒಂದೇ ಒಂದು ತೂತು ಒಂಟಿಯಾಗಿ ಬಿತ್ತು. ಈಗ ಅನುಮಾನ ಬಂದರೆ ಪೆಲೆಟ್ ಇಡದೆ, ಪೆಲೆಟ್ ಹಿಡಿಯುವ ಪೆಟ್ಟಿಗೆಯ ಕಡೆಗೇ ಗುರಿ ಇಟ್ಟು ಆ ಗಾಳಿಯನ್ನು ಬಿಟ್ಟುಬಿಡುತ್ತೇನೆ. ಮತ್ತೆ ಒಂದರಿಂದ ಶುರು.

ಪಂಪ್ ಹೊಡೆಯುವ ರೀತಿಯಲ್ಲೂ ಒಂದು ಹದ ಇದೆ. ಹಿಡಿಯನ್ನು ಪೂರ್ತಿ ಬಿಡಿಸಬೇಕು, ಅದು ಇನ್ನು ಮುಂದೆ ಹೋಗಲ್ಲ ಅನ್ನುವ ತನಕ. ಅಲ್ಲಿ ಅರೆಕ್ಷಣ ನಿಲ್ಲಿಸಿ. ಸಣ್ಣ ತೂತಿನಿಂದ ಸಿಲಿಂಡರಿಗೆ ಗಾಳಿ ತುಂಬಿಕೊಳ್ಳುವುದು ಆಗಲೇ. ಆಮೇಲೆ ಒಂದೇ ಓಟದಲ್ಲಿ ಮುಚ್ಚಿ. ಮೊದಲ ಪಂಪ್‌ನಲ್ಲಿ ಹಿಡಿ ಹಗುರವಾಗಿ ಬರುತ್ತದೆ. ನಾಲ್ಕನೆಯದರಲ್ಲಿ ಅರ್ಧ ದಾರಿಗೇ ಎದುರು ಒತ್ತಲು ಶುರು ಮಾಡುತ್ತದೆ, ಕೊನೆಗೆ ಅಂಗೈ ಬುಡದಿಂದ ದೂಡಿದಾಗ "ಟಕ್" ಅಂತ ಕೂರುತ್ತದೆ. ಆ ಟಕ್ ಕೇಳದಿದ್ದರೆ ಅದನ್ನು ಎಣಿಕೆಗೆ ಸೇರಿಸಬೇಡಿ. ಬೆರಳುಗಳು ಹಿಡಿಗೂ ನಳಿಗೆಗೂ ಮಧ್ಯೆ ಇರಬಾರದು. ಒಮ್ಮೆ ನನ್ನ ಉಂಗುರಬೆರಳಿನ ತುದಿ ಸಿಕ್ಕಿಕೊಂಡು ಉಗುರು ಎರಡು ವಾರ ಕಪ್ಪಗಿತ್ತು. ಪಂಪ್ ಮಾಡುವಾಗ ಗಾಳಿ ಬಿಸಿಯಾಗುತ್ತದೆ, ನಿಂತ ಮೇಲೆ ತಣ್ಣಗಾಗಿ ಒತ್ತಡ ಕೊಂಚ ಇಳಿಯುತ್ತದೆ. ಅದಕ್ಕೇ ಪಂಪ್ ಮುಗಿಸಿ ಗುರಿ ಹಿಡಿಯುವವರೆಗಿನ ಸಮಯವನ್ನೂ ಒಂದೇ ತರ ಇಟ್ಟುಕೊಳ್ಳುತ್ತೇನೆ.

ಕಡಿಮೆ ಪಂಪ್ ಒಳ್ಳೆಯದು ಅಂದೆ ಅಂತ ತೀರಾ ಕೆಳಗೂ ಇಳಿಯಬಾರದು. ನಾನು ಇಳಿದೆ. ಮನೆಯ ಕೋಣೆಯೊಳಗೆ ಐದು ಮೀಟರ್ ದೂರಕ್ಕೆ ಎರಡು ಸಾಕು ಅನ್ನಿಸಿತು. ಹಾಕಿದ್ದು ಸ್ವಲ್ಪ ಭಾರದ, ನಳಿಗೆಗೆ ಬಿಗಿಯಾಗಿ ಕೂರುವ ಪೆಲೆಟ್. ಕುದುರೆ ಎಳೆದಾಗ "ಪುಸ್" ಅನ್ನುವ ಸದ್ದು ಬಂತು, ಪೆಟ್ಟಿಗೆಗೆ ಬಡಿದ ಸದ್ದು ಬರಲಿಲ್ಲ. ನನ್ನ ಪುಣ್ಯಕ್ಕೆ ಅಲ್ಲೇ ನಿಲ್ಲಿಸಿದೆ. ಗಾಳಿ ಉಳಿದಿಲ್ಲ ಅಂತ ಖಚಿತ ಮಾಡಿಕೊಂಡು, ಬೋಲ್ಟ್ (ಪೆಲೆಟ್ ಇಡುವ ಜಾಗವನ್ನು ಮುಚ್ಚುವ ಅಗುಳಿ) ತೆರೆದಿಟ್ಟು, ನಳಿಗೆಯ ಬಾಯಿ ಮುಖದ ನೇರಕ್ಕೆ ಬರದಂತೆ ಹಿಡಿದು ಕ್ಲೀನಿಂಗ್ ರಾಡ್ ಇಳಿಸಿದರೆ ಮಧ್ಯದಲ್ಲಿ ತಡೆಯಿತು. ಪೆಲೆಟ್ ಒಳಗೇ ಇತ್ತು. ಅದರ ಹಿಂದೆ ಇನ್ನೊಂದನ್ನು ಇಟ್ಟು ಹೊಡೆದಿದ್ದರೆ ಎರಡೂ ಸಿಕ್ಕಿಕೊಳ್ಳುತ್ತಿದ್ದವು. ಕೈಪಿಡಿಯ ಕನಿಷ್ಠ ಸಂಖ್ಯೆಗೆ ಅರ್ಥ ಇದೆ. ಅದರ ಕೆಳಗೆ ಹೋಗಬೇಡಿ, ಕಡಿಮೆ ಪಂಪ್‌ಗೆ ಹಗುರ ಪೆಲೆಟ್ ಹಾಕಿ.

ಗರಿಷ್ಠಕ್ಕೂ ಅಷ್ಟೇ ಮರ್ಯಾದೆ ಕೊಡಿ. ಅದು ಬಂದೂಕಿನಿಂದ ಬಂದೂಕಿಗೆ ಬೇರೆ. ಕ್ರಾಸ್ಮನ್ 760ಕ್ಕೆ ಹತ್ತು, ಬೆಂಜಮಿನ್ 392ಕ್ಕೆ ಎಂಟು. ಒಂದರ ಲೆಕ್ಕ ಇನ್ನೊಂದಕ್ಕೆ ಹಾಕಬಾರದು. ಹನ್ನೆರಡು ಹೊಡೆದರೆ ಏನಾಗುತ್ತದೆ ಅಂತ ಆ ಮೊದಲ ವಾರ ನಾನೂ ನೋಡಿದ್ದೆ. ವೇಗ ಏನೂ ಏರಿದಂತೆ ಕಾಣಲಿಲ್ಲ. ಪೆಲೆಟ್ ಹಾಕದೆ ಮತ್ತೆ ಬೋಲ್ಟ್ ಎಳೆದು ಕುದುರೆ ಒತ್ತಿದರೆ "ಟುಸ್" ಅಂತ ಇನ್ನೊಂದು ಉಸಿರು ಹೊರಬಂತು. ಒತ್ತಡ ಅಷ್ಟು ಜಾಸ್ತಿಯಾದಾಗ ಸುತ್ತಿಗೆಗೆ ವಾಲ್ವನ್ನು ಪೂರ್ತಿ ತೆರೆಯಲು ಆಗುವುದಿಲ್ಲ, ಗಾಳಿ ಒಳಗೇ ಉಳಿಯುತ್ತದೆ. ನಾನು ಬೆವರು ಸುರಿಸಿ ತುಂಬಿದ್ದು ಪೆಲೆಟ್‌ಗೆ ಸಿಗಲೇ ಇಲ್ಲ. ಸೀಲು, ಹಿಡಿಯ ಪಿನ್ನು ಸವೆದಿದ್ದು ಬೇರೆ. ಇದರಲ್ಲಿ ಅಪಾಯವೂ ಇದೆ. ಹೊಡೆದಾಯಿತು, ಖಾಲಿ ಅಂದುಕೊಂಡ ಬಂದೂಕಿನಲ್ಲಿ ಗಾಳಿ ಉಳಿದಿರುತ್ತದೆ.

ನನ್ನ ಕ್ರಮ ಹೀಗಿದೆ. ಸೇಫ್ಟಿ ಹಾಕಿ, ಬೋಲ್ಟ್ ಹಿಂದಕ್ಕೆಳೆದು, ಪಂಪ್ ಹೊಡೆದು, ಎಲ್ಲಕ್ಕಿಂತ ಕೊನೆಗೆ ಪೆಲೆಟ್ ಇಡುತ್ತೇನೆ. ನಳಿಗೆ ಯಾವತ್ತೂ ಗುರಿಯ ಕಡೆಗೇ. ಪಂಪ್ ಮಾಡುವಾಗ ಬಂದೂಕು ಸುಲಭವಾಗಿ ಅತ್ತಿತ್ತ ತಿರುಗುತ್ತದೆ, ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ. ಪೆಲೆಟ್ ಹಿಡಿಯಲು ಒಣಗಿ ಗಟ್ಟಿಯಾಗದ ಪುಟ್ಟಿ ತುಂಬಿದ ಪೆಟ್ಟಿಗೆ ಇಟ್ಟಿದ್ದೇನೆ. ಕಣ್ಣಿಗೆ ರಕ್ಷಣೆಯ ಕನ್ನಡಕ, ಮೂರು ಪಂಪ್ ಆದರೂ ಸರಿ. ಸ್ಟೀಲ್ ಗುಂಡು ಹಾಕುವವರಿಗಂತೂ ಕನ್ನಡಕ ಇಲ್ಲದೆ ಆಗದು. ಅದು ಸೀಸದ ಪೆಲೆಟ್‌ನಂತೆ ಚಪ್ಪಟೆಯಾಗದೆ, ಗಟ್ಟಿ ಜಾಗಕ್ಕೆ ಬಡಿದು ಹಾಗೇ ವಾಪಸ್ ಚಿಮ್ಮುತ್ತದೆ.

ಆಗಾಗ ಪಿಸ್ಟನ್ ವಾಷರಿಗೆ ಕಂಪನಿಯವರು ಹೇಳಿದ ಎಣ್ಣೆ ಒಂದೆರಡು ಹನಿ ಬಿಡುತ್ತೇನೆ. ತುಕ್ಕು ಬಿಡಿಸುವ ಸ್ಪ್ರೇ ಬೇಡ, ಸೀಲು ಹಾಳಾಗಬಹುದು. ಅಭ್ಯಾಸ ಮುಗಿದ ಮೇಲೆ ಪೆಲೆಟ್ ಇಲ್ಲ ಅಂತ ಬೋಲ್ಟ್ ತೆರೆದು ನೋಡಿ, ಒಂದೇ ಒಂದು ಪಂಪ್ ಹೊಡೆದು ಇಡುತ್ತೇನೆ. ಆ ಸಣ್ಣ ಒತ್ತಡ ವಾಲ್ವನ್ನು ಮುಚ್ಚಿ ಹಿಡಿದು ಒಳಗೆ ಧೂಳು ಹೋಗದಂತೆ ಕಾಯುತ್ತದೆ. ಕುದುರೆಯ ಸುತ್ತಲಿನ ರಕ್ಷಣೆಯ ಬಳೆಗೆ ಒಂದು ಚೀಟಿ ಕಟ್ಟಿದ್ದೇನೆ: "ಒಳಗೆ ಒಂದು ಪಂಪ್ ಗಾಳಿ ಇದೆ." ಮುಂದಿನ ಸಲ ಬಂದೂಕು ತೆಗೆದಾಗ ಮೊದಲು ಆ ಗಾಳಿಯನ್ನು ಪೆಟ್ಟಿಗೆಗೆ ಬಿಟ್ಟು, ಆಮೇಲೆ ಒಂದು ಅಂತ ಎಣಿಸಲು ಶುರು ಮಾಡುತ್ತೇನೆ.