ಐನ್‌ಮನೆ, ವೈನ್, ಏಲಂ: ಮೂರನೇ ಸಲಕ್ಕೆ ಕೈಹಿಡಿಯಿತು

"ಕೊಡಗಿನಲ್ಲಿ ಚಿತ್ರ ಯಾರು ತಗೋತಾರೆ ಮಾರಾಯ? ಗೋಡೆ ಮೇಲೆ ಕೋವಿ ಇದೆ, ಅಜ್ಜನ ಫೋಟೋ ಇದೆ, ಕಾಡುಕೋಣದ ಕೊಂಬಿದೆ. ಇನ್ನು ಜಾಗ ಎಲ್ಲಿದೆ?" 2022ರಲ್ಲಿ ನನ್ನ ಭಾವ ಕೇಳಿದ ಮಾತಿದು. ಅವತ್ತು ಉತ್ತರ ಇರಲಿಲ್ಲ. ಈಗ ಇದೆ. 2024ರ ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಕಳೆದ ಮರುವಾರ ನಮ್ಮ ಕಾಫಿ ಕಣದಲ್ಲಿ ನಡೆದ ಏಲಂನಲ್ಲಿ, ಅಂದರೆ ಹರಾಜಿನಲ್ಲಿ, ಹನ್ನೊಂದು ಚಿತ್ರ ಹೋದವು, ಎಲ್ಲವೂ ಕೊಡಗಿನವರ ಕೈಗೇ. ಭಾವನೇ ಒಂದು ತಗೊಂಡರು. ದೂರದ ಆಸ್ಪತ್ರೆಗೆ ಹೋಗುವ ರೋಗಿಗಳ ಕಾರಿನ ಬಾಡಿಗೆಗೆ ದುಡ್ಡು ಕೂಡಿಸುವ ಏಲಂ. ಮೊದಲು ಎರಡು ಸಲ ನೆಲಕಚ್ಚಿದ ಕೆಲಸ ಇದು, ಅದಕ್ಕೇ ಬರೆಯುತ್ತಿದ್ದೇನೆ.

ಊರಲ್ಲಿ ಕಾರ್ಯಕ್ರಮ ಮಾಡಿದವರಿಗೆ ಶಾಮಿಯಾನ, ಮೈಕ್, ಪೊಲೀಸ್ ಪರ್ಮಿಶನ್ ಬಗ್ಗೆ ಹೇಳಬೇಕಾಗಿಲ್ಲ. ಉದ್ದೇಶ ಮಾತ್ರ ಹೇಳುತ್ತೇನೆ. ನಮ್ಮ ಜಿಲ್ಲೆಗೆ ರೈಲು ಇಲ್ಲ. ದೊಡ್ಡ ಕಾಯಿಲೆ ಅಂದರೆ ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಮಂಗಳೂರಿಗೆ ಇನ್ನೂ ಜಾಸ್ತಿ, ಅದೂ ಘಾಟಿ ಇಳಿದು. ಔಷಧಿಗೆ ಕಾರ್ಡು, ಸ್ಕೀಮು ಅಂತ ಏನಾದರೂ ಸಿಗುತ್ತದೆ. ಕಾರಿನ ಬಾಡಿಗೆಗೆ ಏನೂ ಇಲ್ಲ. ತೋಟದ ಲೈನ್‌ಮನೆಯ ಕೆಲಸದವರು, ಸಣ್ಣ ಹಿಡುವಳಿದಾರರು ಮೂರನೇ ಕೀಮೋಗೆ ಹೋಗದೆ ನಿಲ್ಲಿಸುವುದು ಹೆಚ್ಚಾಗಿ ಇದೇ ಕಾರಣಕ್ಕೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಪರಿಹಾರ ಕೇಂದ್ರದಲ್ಲಿ ದಾನ ಬಂದ ಹಳೇ ಬಟ್ಟೆಯ ರಾಶಿ ನೋಡಿದ್ದೆ. ಯಾರಿಗೂ ಬೇಡ, ಬಿಸಾಡುವಂತೆಯೂ ಇಲ್ಲ. ಆಗಲೇ ತೀರ್ಮಾನ ಮಾಡಿದ್ದೆ, ಏನೇ ಮಾಡಿದರೂ ದುಡ್ಡಲ್ಲೇ, ಒಂದೇ ಖರ್ಚಿಗೆ.

ಮೊದಲ ಸಲ 2022ರ ಡಿಸೆಂಬರ್ ಕೊನೇ ವಾರ. ಟೂರಿಸ್ಟ್‌ಗಳು ತುಂಬಿರುತ್ತಾರೆ, ಚಿತ್ರ ತಗೋತಾರೆ ಅಂತ ಲೆಕ್ಕ. ಅವರೆಲ್ಲ ಮಡಿಕೇರಿ ರಸ್ತೆಯ ಜಾಮ್‌ನಲ್ಲೇ ಕೂತಿದ್ದರು. ಬಂದ ನಲವತ್ತು ಜನರಲ್ಲಿ ಅರ್ಧ ಜನ "ಇಲ್ಲಿಂದ ಅಬ್ಬಿಫಾಲ್ಸ್ ಎಷ್ಟು ದೂರ?" ಅಂತ ಕೇಳಿ ಹೋದರು. ಕಲಾವಿದರ ಹತ್ತಿರ "ಧರ್ಮಕ್ಕೆ ಒಂದು ಚಿತ್ರ ಕೊಡಿ" ಅಂದಿದ್ದೆ. ಧರ್ಮಕ್ಕೆ ಕೇಳಿದರೆ ಮನೆಯ ಅಟ್ಟದಲ್ಲಿ ಉಳಿದದ್ದೇ ಬರುತ್ತದೆ. ಬಂದದ್ದು ಗಣಪತಿ ಆರು, ಕುದುರೆ ನಾಲ್ಕು, ಇನ್ನೊಂದು ಏನು ಅಂತ ಇವತ್ತಿಗೂ ಗೊತ್ತಿಲ್ಲ.

ಅದಕ್ಕಿಂತ ದೊಡ್ಡ ತಪ್ಪು ವೈನ್ ಮೇಜು. ನಮ್ಮಲ್ಲಿ ಯಾರ ಮನೆಯಲ್ಲಿ ಭರಣಿ ಇಲ್ಲ ಹೇಳಿ? ದ್ರಾಕ್ಷಿ, ನೆಲ್ಲಿ, ಶುಂಠಿ, ವೀಳ್ಯದೆಲೆ, ಹದಿನೈದು ಮನೆಯ ವೈನ್ ಬಂತು. ಚೀಟಿ ಅಂಟಿಸಿ, ಗ್ಲಾಸಿಗೆ 50 ರೂಪಾಯಿ ಅಂತ ಬೋರ್ಡ್ ಬರೆದು ಸಾಲಾಗಿ ಇಟ್ಟೆ. ನಿವೃತ್ತ ವಕೀಲರೊಬ್ಬರು ಬಂದು ಬೋರ್ಡ್ ಓದಿ ಮೆತ್ತಗೆ ಕೇಳಿದರು, "ಲೈಸೆನ್ಸ್ ಎಲ್ಲಿದೆ?" ಮನೆಯಲ್ಲಿ ಮಾಡಿದ್ದು ಸರ್ ಅಂದೆ. "ಮಾರುತ್ತಿದ್ದೀಯಲ್ಲ, ಅದು ಕೇಸು" ಅಂದರು. ಹತ್ತು ನಿಮಿಷದಲ್ಲಿ ಅಷ್ಟೂ ಬಾಟಲ್ ಜೀಪಿನ ಹಿಂದೆ ಹೋಯಿತು, ಮೇಜಿನ ಮೇಲೆ ಶುಂಠಿ ಕಾಫಿ ಬಂತು. ಖರ್ಚು ಒಂದು ಲಕ್ಷ ಎಂಬತ್ತು ಸಾವಿರದ ಹತ್ತಿರ. ಬಂದದ್ದು ನಲವತ್ತು ಸಾವಿರ ಇರಬಹುದು. ಮೆಣಸು ಮಾರಿ ತುಂಬಿಸಿದೆ. ಮನೆಯಲ್ಲಿ ಆದ ಮಾತುಕತೆ ಇಲ್ಲಿ ಬೇಡ.

ಎರಡನೇದು 2024ರ ಏಪ್ರಿಲ್. ಇಂಥ ತಿಂಗಳು ಹುಡುಕಿದರೂ ಸಿಗಲಿಕ್ಕಿಲ್ಲ. ಮಾರ್ಚ್‌ನಲ್ಲಿ ಲೋಕಸಭೆ ಚುನಾವಣೆ ಘೋಷಣೆ ಆಯಿತು, ನೀತಿಸಂಹಿತೆ ಬಂತು. ನಮ್ಮಲ್ಲಿ ಮತದಾನ ಏಪ್ರಿಲ್ 26ಕ್ಕೆ. ಆ ಗಲಾಟೆಯಲ್ಲಿ ವೈನ್ ಲೈಸೆನ್ಸ್ ಕೇಳಿಕೊಂಡು ಹೋಗುವ ಧೈರ್ಯ ಯಾರಿಗಿದೆ? ವೈನ್ ಇಲ್ಲದೆಯೇ ಮಾಡೋಣ ಅಂತ ಒಂದು ಭಾನುವಾರ ಇಟ್ಟೆ. ಅದೇ ತಿಂಗಳು ನಾಪೋಕ್ಲುವಿನಲ್ಲಿ ಹಾಕಿ ನಮ್ಮೆ, ಅಂದರೆ ಕೊಡವ ಮನೆತನಗಳ ಹಾಕಿ ಹಬ್ಬ, 360 ತಂಡ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಆಟ ಈಗ ಎಷ್ಟು ಬೆಳೆದಿದೆ ಅಂದರೆ, ಆ ದಿನಗಳಲ್ಲಿ ಸತ್ತವರ ಮನೆಗೂ ಜನ ಸ್ಕೋರ್ ಕೇಳಿಕೊಂಡೇ ಬರುತ್ತಾರೆ. ಹಾಕಿಗೆ ಎದುರಾಗಿ ಚಿತ್ರಪ್ರದರ್ಶನ ಇಟ್ಟವನು ನಾನೊಬ್ಬನೇ ಇರಬೇಕು. ಮಳೆಗೆ ಅಂತ ಬಾಡಿಗೆಗೆ ತಂದ ಟಾರ್ಪಾಲ್ ಬಿಸಿಲಿಗೆ ಉಪಯೋಗ ಆಯಿತು. ಖರ್ಚು ಎಪ್ಪತ್ತು ಸಾವಿರ, ವಸೂಲಿ ಇಪ್ಪತ್ತೆರಡು. "ಇನ್ನು ಸಾಕು" ಅಂತ ಎಲ್ಲರೂ ಹೇಳಿದರು, ನಾನೂ ಹೂಂ ಅಂದಿದ್ದೆ.

ಆ ಸೆಪ್ಟೆಂಬರ್‌ನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಗೆಳೆಯನ ಐನ್‌ಮನೆಗೆ, ಅಂದರೆ ಅವನ ಒಕ್ಕದ (ಮನೆತನದ) ಮೂಲಮನೆಗೆ, ಹೋಗಿದ್ದೆ. ಕೈಯಾಲೆಯ (ಜಗಲಿಯ) ಐಮರದ, ಅಂದರೆ ಮರದ ಹಲಗೆಯ, ಮೇಲೆ ಕೂತು ನೋಡುತ್ತಿದ್ದೇನೆ, ಬೆಂಗಳೂರಿನಿಂದ ಬಂದ ಒಕ್ಕದವರು ಒಬ್ಬೊಬ್ಬರಾಗಿ ಓಣಿಯ ತುದಿಗೆ ಹೋಗಿ ಮನೆಯ ಫೋಟೋ ತೆಗೆಯುತ್ತಿದ್ದಾರೆ. ಎಲ್ಲರೂ ಒಂದೇ ಜಾಗದಲ್ಲಿ ನಿಂತು, ಒಂದೇ ಕೋನದಿಂದ. ಹತ್ತು ಜನರ ಫೋನಿನಲ್ಲಿ ಒಂದೇ ಚಿತ್ರ. ಆಗ ಹೊಳೆಯಿತು. ಚಿತ್ರ ಬೇಡದ ಜನ ಅಲ್ಲ ಇವರು, ಬೇರೆಯವರ ಚಿತ್ರ ಬೇಡ ಅಷ್ಟೆ.

ಹಾಗಾಗಿ ಮೂರನೇ ಸಲ ಗಣಪತಿ, ಕುದುರೆ ಎಲ್ಲ ಕೈಬಿಟ್ಟೆ. ಬರೀ ಐನ್‌ಮನೆ. ಸುತ್ತಲಿನ ಹನ್ನೊಂದು ಒಕ್ಕಗಳನ್ನು ಆರಿಸಿದೆ. ನಾಲ್ಕು ಜನ ಕಲಾವಿದರು, ಅದರಲ್ಲಿ ಇಬ್ಬರು ಸ್ಕೂಲ್ ಡ್ರಾಯಿಂಗ್ ಮೇಷ್ಟ್ರು. ಧರ್ಮಕ್ಕೆ ಅಂತ ಕೇಳಲಿಲ್ಲ. ಚಿತ್ರಕ್ಕೆ ಎಂಟು ಸಾವಿರ ಕೈಗೆ, ಕ್ಯಾನ್ವಾಸು, ಬಣ್ಣ, ಊಟ, ಇರೋ ಜಾಗ ನಮ್ಮದು. ಷರತ್ತು ಒಂದೇ. ಫೋಟೋ ನೋಡಿ ಬರೆಯುವಂತಿಲ್ಲ, ಆ ಮನೆಯ ಅಂಗಳದಲ್ಲೇ ಕೂತು ಬರೆಯಬೇಕು. ಅಕ್ಟೋಬರ್‌ನಲ್ಲಿ ಜಿಗಣೆ ಇನ್ನೂ ಇತ್ತು, ಒಬ್ಬರು ಸಾಕ್ಸಿಗೆ ಹೊಗೆಸೊಪ್ಪಿನ ನೀರು ಹಾಕಿಕೊಂಡು ಮೂರು ದಿನ ಕೂತರು. ಅಂಗಳದಲ್ಲಿ ಕೂತರೆ ಏನಾಗುತ್ತದೆ ಗೊತ್ತಲ್ವಾ? ಮನೆಯವರು ಕಾಫಿ ತರುತ್ತಾರೆ, ಪಕ್ಕದವರು ನೋಡಲಿಕ್ಕೆ ಬರುತ್ತಾರೆ, ಸುದ್ದಿ ದುಬೈಯಲ್ಲಿರುವ ತಮ್ಮನವರೆಗೂ ಹೋಗುತ್ತದೆ. ಅರ್ಧ ಏಲಂ ಅಲ್ಲೇ ಮುಗಿದಿರುತ್ತದೆ.

ಒಂದು ಚಿತ್ರದಲ್ಲಿ ಎಡವಟ್ಟಾಯಿತು. ಕಲಾವಿದ ಕೈಮಡವನ್ನು, ಅಂದರೆ ಒಕ್ಕದ ಹಿರಿಯರ ಗುಡಿಯನ್ನು, ಬಿಟ್ಟಿದ್ದರು. ಮನೆ, ಮೆಟ್ಟಿಲು, ಹಲಸಿನ ಮರ ಎಲ್ಲ ಚೆಂದ ಬಂದಿದೆ, ಬಲಗಡೆಯ ಆ ಸಣ್ಣ ಗುಡಿ ಮಾತ್ರ ಚಿತ್ರವನ್ನು ಒಂದು ಕಡೆಗೆ ಎಳೆಯುತ್ತದಂತೆ. ಕಾರ್ಯಕ್ರಮದ ದಿನ ಮಧ್ಯಾಹ್ನವೇ ಆ ಒಕ್ಕದ ಹಿರಿಯರು ಬಂದರು, ಎಂಬತ್ತು ದಾಟಿದವರು. ಕನ್ನಡಕ ಒರೆಸಿ ಹಾಕಿಕೊಂಡು ನೋಡಿದರು. ಊರುಗೋಲಿನ ತುದಿಯನ್ನು ಕ್ಯಾನ್ವಾಸಿನ ಬಲಗಡೆ ಹಿಡಿದು, "ಇಲ್ಲಿದ್ದ ಕಾರೋಣ ಎಲ್ಲಿಗೆ ಹೋದ?" ಅಂದರು. ಕಾರೋಣ ಅಂದರೆ ಒಕ್ಕದ ಮೂಲಪುರುಷ. ಯಾರೂ ನಗಲಿಲ್ಲ. ಕಲಾವಿದರು ಮಾತಾಡದೆ ಬಣ್ಣದ ಡಬ್ಬ ತೆಗೆದು ಅಲ್ಲೇ ಕೂತರು. ಹಿರಿಯರು ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು, ಬಾಗಿಲು ಯಾವ ಕಡೆ, ದೀಪದ ಗೂಡು ಎಲ್ಲಿ ಅಂತ ಹೇಳುತ್ತಾ ಹೋದರು. ಸಂಜೆ ಏಲಂಗೆ ಬಂದಾಗ ಬಣ್ಣ ಒಣಗಿರಲಿಲ್ಲ, ಕೈಮಡದ ಮಾಡಿನ ಮೇಲೆ ಅವರದ್ದೇ ಹೆಬ್ಬೆರಳಿನ ಗುರುತು ಬಿದ್ದಿತ್ತು. ಅವತ್ತು ಅತಿ ಜಾಸ್ತಿಗೆ ಹೋದದ್ದು ಅದೇ, 92 ಸಾವಿರ.

ವೈನ್ ಮತ್ತು ಧರ್ಮ ಒಟ್ಟಿಗೆ ಹೇಗೆ ಅಂತ ಕೇಳಿದವರ ಬಾಯಿ ಮುಚ್ಚಿಸಿದ್ದೂ ಇದೇ ಹಿರಿಯರು. "ಕಾರೋಣರಿಗೆ ಮೀದಿ ಇಡುವಾಗ ಏನು ಇಡ್ತೀರಿ, ಹಾಲಾ?" ಅಂದರು, ಅಷ್ಟೇ. ಮೀದಿ ಅಂದರೆ ಹಿರಿಯರಿಗೆ ಇಡುವ ಎಡೆ, ಅದರಲ್ಲಿ ಮದ್ಯವೂ ಇರುತ್ತದೆ.

ಈ ಸಲ ಕಾನೂನು ಪ್ರಕಾರವೇ ಹೋದೆ. ಸಿಎಲ್-5, ಅಂದರೆ ಒಂದು ಸಂದರ್ಭಕ್ಕೆ ಸಿಗುವ ಲೈಸೆನ್ಸ್. ಫೀಸು, ಓಡಾಟ, ಝೆರಾಕ್ಸ್ ಎಲ್ಲ ಸೇರಿ ನನಗೆ ಆಗ ಹದಿನೈದು ಸಾವಿರ ಆಯಿತು, ಒಂದು ತಿಂಗಳು ಮೊದಲೇ ಅರ್ಜಿ ಕೊಡಿ. ವೈನ್ ಎಲ್ಲ ಲೈಸೆನ್ಸ್ ಇರುವ ಅಂಗಡಿಯಿಂದ, ಬಿಲ್ ಸಮೇತ. ಕರ್ನಾಟಕದ ವೈನರಿಗಳದ್ದೇ ತಗೊಂಡೆ. 750 ಎಂಎಲ್ ಬಾಟಲ್‌ನಲ್ಲಿ 60 ಎಂಎಲ್‌ನ ಹನ್ನೆರಡು ಗ್ಲಾಸ್ ಬರುತ್ತದೆ, ಉಳಿದ ಅರ್ಧ ಗ್ಲಾಸ್ ಚೆಲ್ಲುತ್ತದೆ. ನಾನು ಮಾಡಿದ ತಪ್ಪು ಡ್ರೈ ರೆಡ್, ಅಂದರೆ ಸಿಹಿ ಇಲ್ಲದ ಕೆಂಪು ವೈನ್, ಜಾಸ್ತಿ ತಂದದ್ದು. ಭರಣಿಯ ಸಿಹಿ ವೈನ್ ಕುಡಿದು ಬೆಳೆದ ನಾಲಿಗೆ ನಮ್ಮದು. ಶಿರಾಜ್ ಅನ್ನುವ ಡ್ರೈ ರೆಡ್ ಕುಡಿದವರೆಲ್ಲ ಹುಣಸೆಕಾಯಿ ಕಚ್ಚಿದ ಹಾಗೆ ಮುಖ ಮಾಡಿದರು. ಒಬ್ಬ ಅತ್ತೆ ಸಕ್ಕರೆ ಕೇಳಿದರು. ಸಿಹಿಯಾದ ಪೋರ್ಟ್ ವೈನ್ ಮೊದಲ ಗಂಟೆಯಲ್ಲೇ ಖಾಲಿ. ಇನ್ನೊಂದು, ಡಿಸೆಂಬರ್ ರಾತ್ರಿಗೆ ರೆಡ್ ವೈನ್ ತಂಪಾಗಿ ಸತ್ತೇಹೋಗಿರುತ್ತದೆ. ಬಾಟಲ್‌ಗಳನ್ನು ಬಚ್ಚಲ ಒಲೆಯ ಹತ್ತಿರ ಸ್ವಲ್ಪ ಹೊತ್ತು ಇಟ್ಟು ತಂದೆವು. ಪಂದಿಕರಿ (ಹಂದಿ ಮಾಂಸದ ಸಾರು) ಜೊತೆ ಆಗ ಡ್ರೈ ರೆಡ್ಡೂ ನಾಲ್ಕು ಜನಕ್ಕೆ ಹಿಡಿಸಿತು.

ದಿನ ಯಾಕೆ ಪುತ್ತರಿ ಮರುವಾರ? ಬೆಂಗಳೂರು, ಮೈಸೂರಿನವರು ಹಬ್ಬಕ್ಕೆ ಬಂದವರು ಇನ್ನೂ ಮನೆಯಲ್ಲಿ ಇರುತ್ತಾರೆ, ಐನ್‌ಮನೆಯ ಬಿಸಿ ಇನ್ನೂ ಆರಿರುವುದಿಲ್ಲ. ಅರೇಬಿಕಾ ಕಾಫಿಯವರಿಗೆ ಆಗ ಕುಯ್ಲಿನ ಗಡಿಬಿಡಿ, ಕಣ ತುಂಬಿರುತ್ತದೆ. ನಮ್ಮದು ರೊಬಸ್ಟಾ, ಜನವರಿವರೆಗೆ ಕಣ ಖಾಲಿ. ಶಾಮಿಯಾನದ ಅರ್ಧ ದುಡ್ಡು ಅಲ್ಲೇ ಉಳಿಯಿತು.

ಏಲಂ ಬಗ್ಗೆ ಎರಡು ಮಾತು. ಮೊದಲ ವರ್ಷ ಬೆಂಗಳೂರಿನ ನಿರೂಪಕ ಕೋಟು ಹಾಕಿಕೊಂಡು ಬಂದು ಇಂಗ್ಲಿಷ್‌ನಲ್ಲಿ ಜೋಕ್ ಹೇಳಿದ, ನಮ್ಮವರು ಮರ್ಯಾದೆಗೆ ಚಪ್ಪಾಳೆ ತಟ್ಟಿ ಸುಮ್ಮನೆ ಕೂತರು. ಈ ಸಲ ದೇವಸ್ಥಾನದ ಹಬ್ಬದಲ್ಲಿ ಹರಕೆಯ ಹುಂಜ, ತೆಂಗಿನಕಾಯಿ ಸವಾಲು ಕೂಗುವವನನ್ನೇ ಕರೆದೆ. ಅವನಿಗೆ ಯಾರ ಹತ್ತಿರ ಎಷ್ಟಿದೆ, ಯಾರಿಗೆ ಯಾರ ಮೇಲೆ ಹೊಟ್ಟೆಕಿಚ್ಚು, ಎಲ್ಲ ಬಾಯಿಪಾಠ. ಇನ್ನೊಂದು, ಏಲಂ ಮುಗಿಯುವ ತನಕ ವಾಲಗದವರನ್ನು ಊಟಕ್ಕೆ ಕೂರಿಸಿರಬೇಕು. ಮೊದಲ ವರ್ಷ ವಾಲಗ ಮೊದಲೇ ಶುರುವಾಗಿ, ಕುಣಿಯಲು ಎದ್ದ ಒಬ್ಬರೂ ಕುರ್ಚಿಗೆ ವಾಪಸ್ ಬರಲಿಲ್ಲ. ಒಂದೇ ಒಕ್ಕದ ಇಬ್ಬರು ಒಬ್ಬರ ಮೇಲೊಬ್ಬರು ಕೂಗುವ ಹಾಗೆ ಮಾಡುವುದಕ್ಕೆ ಒಂದು ಉಪಾಯ ಇದೆ, ಒಂದು ವಾರ ಮೊದಲು ಎರಡು ಫೋನ್ ಮಾಡಬೇಕು. ಯಾರಿಗೆ, ಏನು ಹೇಳಬೇಕು ಅನ್ನೋದನ್ನ ಬರೆಯೋದಿಲ್ಲ. ಮುಂದಿನ ವರ್ಷವೂ ನನಗೆ ಬೇಕು.

ಲೆಕ್ಕ ಹೀಗಿದೆ, ನೆನಪಿನಿಂದ ಹೇಳುತ್ತಿದ್ದೇನೆ. ಚಿತ್ರಗಳಿಂದ ನಾಲ್ಕು ಲಕ್ಷ ತೊಂಬತ್ತು ಸಾವಿರದ ಆಸುಪಾಸು, ಅತಿ ಕಮ್ಮಿಗೆ ಹೋದದ್ದು ಹದಿನೆಂಟು ಸಾವಿರಕ್ಕೆ. ಟಿಕೆಟ್ 800, ಅದರಲ್ಲಿ ಊಟ ಮತ್ತು ಎರಡು ಗ್ಲಾಸ್, ಸುಮಾರು 190 ಜನ, ಅಂದರೆ ಒಂದೂವರೆ ಲಕ್ಷ. ಖರ್ಚು ಎರಡು ಲಕ್ಷ ಮೂವತ್ತು ಸಾವಿರ. ಕಲಾವಿದರ 88 ಸಾವಿರ ಅದರಲ್ಲೇ ಸೇರಿದೆ. ನಾಲ್ಕು ಲಕ್ಷದ ಮೇಲೆ ಉಳಿಯಿತು. ವೈನ್‌ನಿಂದ ಲಾಭ ಸೊನ್ನೆ, ಅದು ಜನರನ್ನು ಒಂಬತ್ತು ಗಂಟೆವರೆಗೆ ಹಿಡಿದಿಡಲಿಕ್ಕೆ ಮಾತ್ರ. ಆ ವರ್ಷ ರೊಬಸ್ಟಾಕ್ಕೆ ಒಳ್ಳೆ ರೇಟ್ ಇತ್ತು, ಅದಕ್ಕೇ ಗೆದ್ದೆ ಅಂತ ಭಾವ ಇವತ್ತಿಗೂ ಹೇಳುತ್ತಾರೆ. ಇರಬಹುದು. ಆದರೆ ರೇಟ್ ಇದ್ದಾಗ ಅವರು ಜೀಪ್ ತಗೋಬಹುದಿತ್ತು, ಚಿತ್ರ ಯಾಕೆ ತಗೊಂಡರು?

ಮಧ್ಯೆ ಕೆಲವು ಹುಚ್ಚಾಟವೂ ನಡೆಯಿತು. ಒಬ್ಬ ಮೇಷ್ಟ್ರು ಬಣ್ಣದ ಬದಲು ಕಾಫಿ ಡಿಕಾಕ್ಷನ್‌ನಲ್ಲೇ ಒಂದು ಮನೆ ಬರೆದರು. ಗಟ್ಟಿ ಡಿಕಾಕ್ಷನ್ ಕಂಬಕ್ಕೆ, ತೆಳು ನೀರು ಆಕಾಶಕ್ಕೆ, ನೋಡಲು ಬಹಳ ಚೆಂದ. ಏಲಂಗೆ ಇಡದೆ ನಾನೇ ಇಟ್ಟುಕೊಂಡೆ, ಅದರಿಂದ ನಾನು ಬದುಕಿದೆ. ಜುಲೈ ಹೊತ್ತಿಗೆ ಚಿತ್ರದ ಇಡೀ ಮನೆಗೆ ಬೂಷ್ಟು ಹಿಡಿದು ಬಿಳಿ ಕೂದಲು ಬಂದಿತ್ತು. ಈಗ ಗಾಜು ಹಾಕಿ, ಹಿಂದೆ ಮೇಣ ಸವರಿ ಇನ್ನೊಂದು ಮಾಡಿಸಿದ್ದೇನೆ, ಈ ಮಳೆಗಾಲ ನೋಡಬೇಕು. ಉಳಿದ ಡ್ರೈ ರೆಡ್ಡನ್ನು ಪಂದಿಕರಿಗೆ ಹುಳಿಗೆ ಹಾಕುವ ಕಾಚಂಪುಳಿಯ ಬದಲು ಹಾಕಿ ನೋಡಿದ್ದೂ ಉಂಟು. ಕರಿ ಕೆಂಪಗಾಯಿತು, ಹುಳಿ ಮೇಲೆ ಮೇಲೆಯೇ ನಿಂತಿತು. ಅಡುಗೆಯ ಅಕ್ಕ ಸೌಟು ನನ್ನ ಕೈಗೆ ಕೊಟ್ಟು ಹೊರಗೆ ಹೋಗಿ ಕೂತರು.

ದುಡ್ಡು ಮೂರು ಜನರ ಜಂಟಿ ಖಾತೆಯಲ್ಲಿದೆ, ಅದರಲ್ಲಿ ನಾನಿಲ್ಲ, ಬೇಕಂತಲೇ. ರೋಗಿಯ ಕೈಗೆ ನಗದು ಕೊಡುವುದಿಲ್ಲ. ಊರಿನ ಐದು ಟ್ಯಾಕ್ಸಿಯವರ ಜೊತೆ ಮಾತಾಗಿದೆ, ಆಸ್ಪತ್ರೆಯ ಚೀಟಿ ತೋರಿಸಿದರೆ ಕಾರು ಬರುತ್ತದೆ, ತಿಂಗಳ ಕೊನೆಗೆ ನಾವು ಕೊಡುತ್ತೇವೆ. ಮೈಸೂರಿಗೆ ಹೋಗಿ ಬರಲು ನಾಲ್ಕೂವರೆ ಸಾವಿರ. ಇಲ್ಲಿವರೆಗೆ ಅರವತ್ತಕ್ಕೂ ಜಾಸ್ತಿ ಟ್ರಿಪ್ ಆಗಿದೆ. ಟ್ಯಾಕ್ಸಿಯವನೊಬ್ಬ ಎರಡು ಟ್ರಿಪ್‌ಗೆ ಡೀಸೆಲ್ ಮಾತ್ರ ತಗೊಂಡ. ಯಾಕೆ ಅಂತ ಕೇಳಿದ್ದಕ್ಕೆ ಅವನ ಒಕ್ಕದ ಮನೆ ಪಟ್ಟಿಯಲ್ಲಿ ಇರಲಿಲ್ಲವಂತೆ, ಬರುವ ವರ್ಷ ಸೇರಿಸಬೇಕಂತೆ. ಹನ್ನೆರಡನೇ ಹೆಸರು ಅವನದ್ದೇ ಬರೆದುಕೊಂಡಿದ್ದೇನೆ.