ತಲೆಯಾಡಿಸುವ ಕ್ಲಾಸನ್ನು ಮಾತಾಡಿಸುವುದು ಹೇಗೆ?

ತೀರ್ಥಹಳ್ಳಿ ಕಡೆಯ ಕಾಲೇಜು, ಜುಲೈ ತಿಂಗಳ ಜಡಿಮಳೆ. ಗೋಡೆಗೆ ಒರಗಿಸಿಟ್ಟ ಕೊಡೆಗಳಿಂದ ನೀರು ಇಳಿಯುತ್ತಿರುತ್ತದೆ. ಬೆಳಗಿನ ಬಸ್ಸು ಹಿಡಿದು ಬಂದ ಮಕ್ಕಳಿಗೆ ತೂಕಡಿಕೆ. "ಅರ್ಥ ಆಯ್ತಾ?" ಅಂದರೆ ಎಲ್ಲರೂ ತಲೆಯಾಡಿಸುತ್ತಾರೆ. ನಾನು ವರ್ಷಗಟ್ಟಲೆ ಅದನ್ನೇ ನಂಬಿದ್ದೆ. ಪೇಪರ್ ತಿದ್ದುವಾಗ ಎದೆ ಧಸಕ್ಕೆನ್ನುತ್ತಿತ್ತು. ಈಗ ಕೆಮಿಸ್ಟ್ರಿ ಪಾಠವನ್ನು ಹೀಗೆ ಮಾಡುತ್ತೇನೆ.

ಮೊದಲಿಗೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಕ್ಲಾಸ್ ಮುಗಿದ ಕೂಡಲೇ, ಚಹಾಕ್ಕೆ ಹೋಗುವ ಮೊದಲೇ, ಮೂರು ಸಾಲು ಬರೆಯಿರಿ. "ಚೆನ್ನಾಗಾಯ್ತು" ಅಂತ ಬರೆದರೆ ಏನೂ ಸಿಗುವುದಿಲ್ಲ. "ಸಮೀಕರಣ ಬರೆಯುತ್ತಾ ಹತ್ತು ನಿಮಿಷ ಬೋರ್ಡಿಗೇ ಮುಖ ಮಾಡಿದ್ದೆ" ಅಂತ ಬರೆದರೆ ನಾಳೆ ಏನು ಬದಲಿಸಬೇಕು ಅಂತ ಗೊತ್ತಾಗುತ್ತದೆ.

ಆಮೇಲೆ ಚೀಟಿ. ಕೊನೆಯ ಎರಡು ನಿಮಿಷ ಅದಕ್ಕೇ ಬಿಡಿ. ಅರ್ಥವಾಗದ ಒಂದು ವಿಷಯ ಬರೆಯಲಿ, ಹೆಸರು ಬೇಡ. ಕನ್ನಡದಲ್ಲೇ ಬರೆಯಬಹುದು ಅಂತ ಬಾಯಿಬಿಟ್ಟು ಹೇಳಿ. ಕನ್ನಡ ಮೀಡಿಯಂನಿಂದ ಬಂದವರು ಇಂಗ್ಲಿಷಿಗೆ ಹೆದರಿಯೇ ಸುಮ್ನೆ ಕೂತಿರುತ್ತಾರೆ. ಮರುದಿನದ ಪಾಠ ಆ ಚೀಟಿಗಳಿಂದಲೇ ಶುರುವಾಗಲಿ.

ಮೂರನೆಯದು ನನಗೆ ತುಂಬಾ ಇಷ್ಟ: ತೋಟದಿಂದ ಪಾಠ ಎತ್ತಿಕೊಳ್ಳುವುದು. ಅಡಿಕೆಗೆ ಕೊಳೆ ಬರದಂತೆ ಹೊಡೆಯುವ ಬೋರ್ಡೋ ದ್ರಾವಣ ಇವರಿಗೆಲ್ಲ ಗೊತ್ತು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ (ಅಂದರೆ ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ. "ಸುಣ್ಣ ಸಾಕಾಯ್ತು ಅಂತ ಹೇಗೆ ಗೊತ್ತಾಗುತ್ತೆ?" ಅಂತ ಕೇಳಿದೆ. ಯಾವತ್ತೂ ಬಾಯಿ ಬಿಡದ ಹಿಂದಿನ ಬೆಂಚಿನ ಹುಡುಗಿ ಎದ್ದು, "ಅಪ್ಪ ಕತ್ತಿ ಅದ್ದಿ ನೋಡ್ತಾರೆ ಸರ್, ಕೆಂಪಾದ್ರೆ ಇನ್ನೂ ಸುಣ್ಣ ಹಾಕ್ತಾರೆ" ಅಂದಳು. ಆ ಕೆಂಪು ಕಬ್ಬಿಣದ ಮೇಲೆ ಕೂತ ತಾಮ್ರ. ದ್ರಾವಣದಲ್ಲಿರುವ ಒಂದು ಲೋಹವನ್ನು ಇನ್ನೊಂದು ಲೋಹ ಹೊರದಬ್ಬಿ ಅದರ ಜಾಗ ಹಿಡಿಯುವ ಸ್ಥಾನಪಲ್ಲಟ ಕ್ರಿಯೆಯ ಅರ್ಧ ಪಾಠವನ್ನು ಅವಳೇ ಮಾಡಿದ್ದಳು! ಉಳಿದರ್ಧಕ್ಕೆ ಬೀಕರಿನಲ್ಲಿ ಮೈಲುತುತ್ತ ಕರಗಿಸಿ, ತಿಕ್ಕಿ ತೊಳೆದ ಮೊಳೆ ಅದ್ದಿದರೆ ಸಾಕು.

ಪ್ರಶ್ನೆ ಕೇಳಿದ ಮೇಲೆ ಕಾಯಿರಿ. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ಇದನ್ನು ಅಳೆದು ನೋಡಿದ್ದರು. ಸಾಮಾನ್ಯವಾಗಿ ಮೇಷ್ಟ್ರುಗಳು ಉತ್ತರಕ್ಕೆ ಕಾಯುತ್ತಿದ್ದದ್ದು ಸುಮಾರು ಒಂದೇ ಸೆಕೆಂಡು. ಮೂರು ಸೆಕೆಂಡು ಕಾದಾಗ ಉತ್ತರಗಳು ಉದ್ದವಾದವು, ಹೆಚ್ಚು ಮಕ್ಕಳು ಬಾಯಿಬಿಟ್ಟರು. ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಆಗಲೂ ಮೌನವೇ? ಪಕ್ಕದವರ ಜೊತೆ ಒಂದು ನಿಮಿಷ ಮಾತಾಡಲು ಬಿಟ್ಟು, ಮತ್ತೆ ಕೇಳಿ.

ತಿಂಗಳಿಗೊಮ್ಮೆ ಸಹೋದ್ಯೋಗಿಯೊಬ್ಬರನ್ನು ಕೊನೆಯ ಬೆಂಚಿನಲ್ಲಿ ಕೂರಿಸಿಕೊಳ್ಳಿ. ಮಕ್ಕಳು ಯಾವ ಮಾತಿಗೆ ಪೆನ್ನು ಎತ್ತಿದರು, ಯಾವಾಗ ಕಿಟಕಿ ಕಡೆ ತಿರುಗಿದರು ಅಂತ ಅವರು ಗುರುತು ಹಾಕಲಿ. ಆ ಹಾಳೆಯನ್ನೂ ನೋಟ್‌ಬುಕ್ಕಿಗೇ ಅಂಟಿಸಿ.