ಕಾರಿನಿಂದ ಕಾರಿಗೆ ಫೈಲ್ ಹಂಚಲು ಹೊರಟಾಗ

ಮೊಬೈಲ್ ಟವರ್‌ನ ಹಂಗಿಲ್ಲದೆ ಓಡುವ ಗಾಡಿಗಳೇ ಒಂದಕ್ಕೊಂದು ಫೈಲ್ ದಾಟಿಸಬೇಕು. ನನ್ನ ಪ್ರಾಜೆಕ್ಟ್ ಇಷ್ಟೇ. ಬೆಂಗಳೂರು–ತುಮಕೂರು ಹೆದ್ದಾರಿಯ ನಕ್ಷೆಯನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಇಳಿಸಿಕೊಂಡೆ. ಕಂಪ್ಯೂಟರಿನೊಳಗೇ ಗಾಡಿ ಓಡಿಸಲು ಸುಮೋ (ಟಾಟಾದ್ದಲ್ಲ, ಜರ್ಮನಿಯ ವೈಮಾನಿಕ-ಬಾಹ್ಯಾಕಾಶ ಸಂಸ್ಥೆ ಡಿಎಲ್‌ಆರ್ ಮಾಡಿದ ಸಿಮ್ಯುಲೇಟರ್), ಡೇಟಾ ಹೊತ್ತೊಯ್ಯುವ ಪ್ಯಾಕೆಟ್‌ಗಳಿಗೆ ಓಮ್ನೆಟ್‌, ಎರಡನ್ನೂ ಜೋಡಿಸಲು ವೇನ್ಸ್. ಸುಮೋದಲ್ಲಿ ಗಾಡಿಗಳು ಶಿಸ್ತಾಗಿ ಲೇನ್ ಹಿಡಿದೇ ಹೋಗುತ್ತವೆ. ನಮ್ಮಲ್ಲಿ ಹಾಗೆ ಯಾರು ಹೋಗ್ತಾರೆ? ಸಬ್‌ಲೇನ್ ಮಾಡೆಲ್ (ಒಂದು ಲೇನನ್ನು ಸಣ್ಣ ಪಟ್ಟಿಗಳಾಗಿ ಸೀಳುವುದು) ಹಾಕಿದ ಮೇಲೆ ಬೈಕುಗಳು ಸಂದಿಯಲ್ಲಿ ನುಗ್ಗತೊಡಗಿದವು.

ಇಲ್ಲಿ ದೊಡ್ಡ ತಲೆನೋವು ಸಮಯ. ಎದುರುಬದುರು 80 ಕಿ.ಮೀ. ವೇಗದಲ್ಲಿ ಬರುವ ಎರಡು ಕಾರುಗಳ ರೇಡಿಯೊ 300 ಮೀಟರ್ ಮುಟ್ಟುತ್ತದೆ ಅಂದುಕೊಳ್ಳಿ. ಹತ್ತಿರ ಬರುವಾಗ 300, ದೂರ ಸರಿಯುವಾಗ 300 ಮೀಟರ್ ಸೇರಿ ಅವಕ್ಕೆ ಸಿಗುವುದು ಸುಮಾರು 13 ಸೆಕೆಂಡ್. ಗಾಡಿಗಳಿಗೆಂದೇ ಇರುವ ವೈಫೈ ಮಾನದಂಡ 802.11ಪಿ ಯಲ್ಲಿ ಸಾಮಾನ್ಯವಾಗಿ ಬಳಸುವ 6 ಎಂಬಿಪಿಎಸ್ ವೇಗವನ್ನೂ ಸುತ್ತಲಿನ ಎಲ್ಲರೂ ಹಂಚಿಕೊಳ್ಳಬೇಕು. ಬ್ರಾಡ್‌ಕಾಸ್ಟ್‌ಗೆ (ಎಲ್ಲರಿಗೂ ಒಟ್ಟಿಗೆ ಕಳಿಸುವುದಕ್ಕೆ) 'ಸಿಕ್ಕಿತು' ಅನ್ನುವ ಉತ್ತರವೂ ಬರುವುದಿಲ್ಲ. ಕಳೆದುಹೋದ ತುಣುಕು ಯಾವುದು ಅಂತ ಕೇಳುತ್ತ ಕೂತರೆ ಎದುರಿನ ಕಾರು ದಾಟಿ ಹೋಗಿರುತ್ತದೆ.

ಹಾಗಾಗಿ ನೆಟ್‌ವರ್ಕ್ ಕೋಡಿಂಗ್ ಹಿಡಿದೆ. ಒಂದು ಕಾರಿನ ಬಳಿ 7ನೇ ತುಣುಕಿದೆ, 3ನೆಯದು ಬೇಕು. ಇನ್ನೊಂದರ ಬಳಿ 3ನೆಯದಿದೆ, 7ನೆಯದು ಬೇಕು. 3 ಮತ್ತು 7ರ ಬಿಟ್ಟುಗಳನ್ನು ಬೆರೆಸಿ, ಅಂದರೆ ಎಕ್ಸ್‌ಓಆರ್ ಮಾಡಿ ಒಂದೇ ಪ್ಯಾಕೆಟ್ ಕಳಿಸಿದರೆ ಇಬ್ಬರ ಕೊರತೆಯೂ ನೀಗುತ್ತದೆ, ಅಲ್ವಾ? ನಾನು ಫೈಲನ್ನು 32 ತುಣುಕಿನ ಗುಂಪುಗಳಾಗಿ ಒಡೆದು, ಪ್ರತಿ ತುಣುಕಿಗೂ ಒಂದು ಬೈಟ್‌ನ ಯಾದೃಚ್ಛಿಕ ಗುಣಕ ಕೊಟ್ಟು ಬೆರೆಸಿದೆ. ಉಳಿದವುಗಳಿಂದ ಯಾವೊಂದನ್ನೂ ಕಟ್ಟಲಾಗದ 32 ಪ್ಯಾಕೆಟ್ ಯಾರಿಂದ ಬಂದರೂ ಸರಿ, ಸಮೀಕರಣ ಬಿಡಿಸಿದರೆ ಗುಂಪು ಸಿಕ್ಕಂತೆ. ಗುಂಪು ದೊಡ್ಡದಾದಷ್ಟು ಬಿಡಿಸುವ ಲೆಕ್ಕ ಭಾರ. 32 ನನಗೆ ಹದವಾಗಿ ಕಂಡಿತು.

ಯಾರು ಮಾತಾಡಬೇಕು ಅನ್ನುವುದೂ ಮುಖ್ಯ. ಪ್ರತಿ ಕಾರೂ ತನ್ನ ಬಳಿ ಎಷ್ಟು ಪ್ಯಾಕೆಟ್ ಇದೆ ಎಂದು ಆಗಾಗ ಬಿತ್ತರಿಸುವ ಚುಟುಕು ಸಂದೇಶವಾದ ಬೀಕನ್‌ನಲ್ಲಿ ಹೇಳುತ್ತದೆ. ಜಾಸ್ತಿ ಇರುವವನು ಬೇಗ ಕಳಿಸುತ್ತಾನೆ, ಅದನ್ನು ಕೇಳಿದ ಉಳಿದವರು ಸುಮ್ನಿರುತ್ತಾರೆ. ಸಂಖ್ಯೆ ಸಮವಾಗಿದ್ದರೆ? ಇಬ್ಬರ ಬಳಿಯೂ 20 ಇದ್ದ ಮಾತ್ರಕ್ಕೆ ಅವು ಒಂದೇ 20 ಆಗಿರಬೇಕಿಲ್ಲ. ಆಗ ಒಂದೊಂದು ಪ್ಯಾಕೆಟ್ ಕಳಿಸಿ ನೋಡುತ್ತಾರೆ. ಹೊಸದೇನೂ ಸಿಗದಿದ್ದರೆ ಅಲ್ಲಿಗೇ ನಿಲ್ಲಿಸುತ್ತಾರೆ. ಟ್ರಾಫಿಕ್ ಜಾಮ್‌ನಲ್ಲಿ ಈ ನಿಯಮವೇ ಚಾನೆಲ್ ಉಳಿಸಿದ್ದು.

ಈಗ ತಲೆ ತಿನ್ನುತ್ತಿರುವುದು ಭದ್ರತೆ. ಒಬ್ಬ ಕಿಡಿಗೇಡಿ ಒಂದು ಸುಳ್ಳು ಪ್ಯಾಕೆಟ್ ಬೆರೆಸಿದರೂ ಇಡೀ ಗುಂಪು ಕೆಡುತ್ತದೆ. ದಾರಿಯಲ್ಲಿ ಪ್ಯಾಕೆಟ್ ಬದಲಾಗುತ್ತಲೇ ಇರುವುದರಿಂದ ಮಾಮೂಲಿ ಡಿಜಿಟಲ್ ಸಹಿ ನಡೆಯುವುದಿಲ್ಲ. ಬೆರೆಸಿದ ಮೇಲೂ ಉಳಿಯುವ ಹೋಮೋಮಾರ್ಫಿಕ್ ಸಹಿಗಳಿವೆ, ಆದರೆ ಅವುಗಳ ಲೆಕ್ಕಕ್ಕೆ ಸಮಯ ಹಿಡಿಯುತ್ತದೆ. ಅದನ್ನು ಆ 13 ಸೆಕೆಂಡಿನೊಳಗೆ ಕೂರಿಸಲು ಈಗ ಒದ್ದಾಡುತ್ತಿದ್ದೇನೆ.